ವ್ಯಾಯಾಮ, ಸಂಯಮ, ಪ್ರಸಾದ: ಅಂಗಸಾಧಕರಿಗೆ ಮೂರು ಪಾಠಗಳು

ಭಾಷೆಯು ಜನತೆಯ ಅನುಭವದ ಕಣಜ. ಶಬ್ದಗಳ ಮೂಲವನ್ನು ಅರಸುತ್ತ ಹೋದವರಿಗೆ ಹಿರಿಯರು ಬಾಳಿ ಕಂಡುಕೊಂಡ ತಿಳಿವು ಅಲ್ಲಲ್ಲಿ ಹೊಳೆಯುತ್ತದೆ. ‘ವ್ಯಾಯಾಮ’ ಎಂಬ ಶಬ್ದವನ್ನೇ ಪರಿಶೀಲಿಸೋಣ. ಇದರ ಮೂಲ ‘ಯಮ್’ ಎಂಬ ಧಾತು. ಹಿಡಿದು ನಿಲ್ಲಿಸುವುದು, ಅಂಕೆಯಲ್ಲಿಡುವುದು ಎಂಬುದು ಅದರ ಅರ್ಥ. ‘ವಿ’ ಮತ್ತು ‘ಆ’ ಎಂಬ ಉಪಸರ್ಗಗಳು ಅದಕ್ಕೆ ಸೇರಿದಾಗ ‘ವ್ಯಾಯಾಮ’ ಸಿದ್ಧಿಸುತ್ತದೆ. ನಿಯಮ, ಸಂಯಮ, ಪ್ರಾಣಾಯಾಮ ಎಂಬ ಶಬ್ದಗಳೂ ಇದೇ ಧಾತುವಿನ ಮಕ್ಕಳು. ಆದುದರಿಂದ ಮೈಯನ್ನು ದುಡಿಸುವ ವ್ಯಾಯಾಮವೂ ಮನಸ್ಸನ್ನು ಹಿಡಿಯುವ ಸಂಯಮವೂ ಒಂದೇ ಬಸಿರಿನಲ್ಲಿ ಹುಟ್ಟಿದ ಒಡಹುಟ್ಟುಗಳೆಂದು ತಿಳಿಯಬೇಕು.

ಹಾಗೆಯೇ ‘ಸ್ವಸ್ಥ’ನೆಂದರೆ ತನ್ನಲ್ಲಿ ತಾನು ನೆಲೆನಿಂತವನು. ‘ಪಥ್ಯ’ವೆಂದರೆ ಪಥಕ್ಕೆ, ಎಂದರೆ ನಡೆಯಬೇಕಾದ ಹಾದಿಗೆ, ಹಿತವಾದುದು, ಕೇವಲ ರೋಗಿಯ ಸಪ್ಪೆ ಊಟವಲ್ಲ. ನಮಗೆಲ್ಲ ಚಿರಪರಿಚಿತವಾದ ‘ಪ್ರಸಾದ’ ಶಬ್ದಕ್ಕಂತೂ ತಿಳಿತನ, ಮನಸ್ಸಿನ ಪ್ರಸನ್ನತೆ ಎಂಬುದೇ ಮೊದಲಿನ ಅರ್ಥ. ಪೂಜ್ಯಭಾವದಿಂದ ಸ್ವೀಕರಿಸುವ ಅನ್ನಕ್ಕೆ ಆ ಹೆಸರು ಬಂದಿರುವುದು ಅರ್ಥಪೂರ್ಣವಾಗಿದೆ. ಉಂಡ ಅನ್ನವು ಮನಸ್ಸನ್ನು ತಿಳಿಗೊಳಿಸಬೇಕು. ತಿಳಿಯಾದ ಮನಸ್ಸು ಅನ್ನದ ಅಳತೆಯನ್ನು ನಿರ್ಣಯಿಸಬೇಕು. ಅಂಗಸಾಧನೆ, ಮನಃಶಿಕ್ಷಣ, ಆಹಾರ ಇವು ಮೂರು ಬೇರೆ ಬೇರೆ ವಿಷಯಗಳಲ್ಲ, ಒಂದೇ ಸಾಧನೆಯ ಮೂರು ಮುಖಗಳು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. ಇಂದು ತಾಲ್ಲೂಕು ಕೇಂದ್ರಗಳಲ್ಲಿಯೂ ಜಿಮ್ ಎಂಬ ವ್ಯಾಯಾಮಶಾಲೆಗಳು ತಲೆಯೆತ್ತಿವೆ. ನಮ್ಮ ವಿದ್ಯಾರ್ಥಿಗಳೂ ಉತ್ಸಾಹದಿಂದ ಅಲ್ಲಿಗೆ ಹೋಗುತ್ತಾರೆ. ಇದು ಸಂತೋಷದ ಸಂಗತಿಯೇ. ಆದರೆ ಅಲ್ಲಿ ದೊಡ್ಡ ಕನ್ನಡಿಯಿರುತ್ತದೆ, ತೂಕದ ಬಿಲ್ಲೆಗಳಿರುತ್ತವೆ, ಡಬ್ಬಿಗಳಲ್ಲಿ ಪುಡಿಗಳಿರುತ್ತವೆ. ‘ಇಷ್ಟು ಸಾಕು, ಇನ್ನು ವಿಶ್ರಮಿಸು’ ಎಂದು ಹೇಳುವ ಗುರು ಮಾತ್ರ ಎಲ್ಲೆಡೆಯೂ ಇರುವುದಿಲ್ಲ. ಆ ಕೊರತೆಯ ಫಲವನ್ನು ಅನುಭವಿಸುವವರು ಹದಿನಾರು-ಹದಿನೇಳರ ಹುಡುಗರು.

ಗರಡಿಯೂ ಒಂದು ಪಾಠಶಾಲೆ

ಉತ್ತರ ಕರ್ನಾಟಕದ ಹಲವೆಡೆ ಗರಡಿಮನೆಯನ್ನು ‘ತಾಲೀಮು’ ಎಂದು ಕರೆಯುವುದುಂಟು. ಇದು ಅರಬ್ಬಿ ಮೂಲದ ಶಬ್ದ. ಬೋಧನೆ, ಶಿಕ್ಷಣ ಎಂಬುದು ಇದರ ಅರ್ಥ. ಮೈ ಬೆಳೆಸುವ ಮನೆಯನ್ನು ಜನರು ಶಾಲೆಯೆಂದೇ ಭಾವಿಸಿದ್ದರು. ಪಾದರಕ್ಷೆಗಳನ್ನು ಹೊರಗೆ ಬಿಡುವುದು, ಮಣ್ಣಿಗೆ ನಮಸ್ಕರಿಸುವುದು, ಉಸ್ತಾದರ ಅಪ್ಪಣೆಯಿಲ್ಲದೆ ಕಣಕ್ಕೆ ಇಳಿಯದಿರುವುದು, ಕಿರಿಯರಿಗೆ ಹಿರಿಯರು ಪಟ್ಟು ಕಲಿಸುವುದು, ಇವೆಲ್ಲ ಆ ಶಾಲೆಯ ನಿಯಮಗಳು. ದಂಡ, ಬಸ್ಕಿ, ಗದೆ, ಮಲ್ಲಕಂಬಗಳು ಅಲ್ಲಿಯ ಪಠ್ಯ. ಗೆದ್ದವನು ಬೀಗಬಾರದು, ಸೋತವನು ಕುಗ್ಗಬಾರದು ಎಂಬುದು ಪಠ್ಯದ ಸಾರ.

ಈ ಪರಂಪರೆ ಇಂದು ನಿನ್ನೆಯದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಪ್ರಕರಣ ಮೀಸಲಾಗಿದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗನುಸಾರವಾಗಿ ವಿಂಗಡಿಸುವ ಕ್ರಮ, ಅವರ ಅಭ್ಯಾಸ, ಅರಮನೆಯಿಂದ ಅವರಿಗೆ ಸಲ್ಲಬೇಕಾದ ಬೇಳೆಕಾಳು, ಹಾಲು, ಸಕ್ಕರೆ, ಮಾಂಸಾದಿ ಆಹಾರ ಇವುಗಳ ವಿವರ ಅಲ್ಲಿದೆ. ಎಲ್ಲರಿಗೂ ಒಂದೇ ಅಳತೆ ಸಲ್ಲದು, ಸಾಧಕನ ಆಹಾರವನ್ನು ಒದಗಿಸುವ ಹೊಣೆ ಅವನನ್ನು ಸಾಕುವವರದು ಎಂಬ ಎರಡು ತತ್ತ್ವಗಳನ್ನು ಇದರಿಂದ ಗ್ರಹಿಸಬಹುದು.

ಆಯುರ್ವೇದದ ಆಚಾರ್ಯರಾದ ಸುಶ್ರುತ, ವಾಗ್ಭಟರು ವ್ಯಾಯಾಮಕ್ಕೆ ಮಿತಿಯನ್ನು ಹೇಳುವಾಗ ‘ಅರ್ಧಶಕ್ತಿ’ಯೆಂಬ ಅಳತೆಯನ್ನು ಕೊಡುತ್ತಾರೆ. ತನ್ನ ಬಲದ ಅರ್ಧದಷ್ಟನ್ನು ಮಾತ್ರ ವ್ಯಯಿಸಬೇಕು. ಹಣೆ, ಕಂಕುಳುಗಳಲ್ಲಿ ಬೆವರು ಮೂಡಿ, ಉಸಿರು ಬಾಯಿಯ ಮೂಲಕ ಬರತೊಡಗಿದರೆ ಅದೇ ಗುರುತು. ಸ್ಪರ್ಧೆಗೆ ಸಿದ್ಧನಾಗುವ ಕ್ರೀಡಾಪಟುವು ಈ ಗೆರೆಯನ್ನು ದಾಟಲೇಬೇಕಾಗುತ್ತದೆ, ನಿಜ. ಆದರೆ ದಾಟಿದುದನ್ನು ವಿಶ್ರಾಂತಿಯಿಂದ ಸರಿದೂಗಿಸಬೇಕು. ಸ್ನಾಯುವು ಬೆಳೆಯುವುದು ಭಾರ ಎತ್ತುವ ಕ್ಷಣದಲ್ಲಲ್ಲ; ದುಡಿಮೆಯಿಂದ ದಣಿದ ಎಳೆಗಳನ್ನು ದೇಹವು ಅನ್ನ ಮತ್ತು ನಿದ್ರೆಗಳ ನೆರವಿನಿಂದ ಮರಳಿ ಕಟ್ಟುವಾಗ. ಹದಿನಾಲ್ಕರಿಂದ ಹದಿನೇಳು ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ನಡುರಾತ್ರಿಯವರೆಗೆ ಮೊಬೈಲನ್ನು ನೋಡುತ್ತ ಎಚ್ಚರವಿದ್ದು ನಸುಕಿನಲ್ಲಿ ಭಾರ ಎತ್ತಲು ಹೋಗುವವನು ಒಂದು ಕೈಯಿಂದ ಕಟ್ಟಿದುದನ್ನು ಇನ್ನೊಂದು ಕೈಯಿಂದ ಕೆಡವುತ್ತಾನೆ.

ಮೈ ಬೆಳೆಸಿದ ಸಾಹಿತಿ

ಬಲಸಾಧನೆಗೂ ಸಂಸ್ಕಾರಕ್ಕೂ ದೂರವೆಂಬ ಭಾವನೆ ವಿದ್ವಾಂಸರಲ್ಲಿಯೂ ಉಂಟು. ಅದು ಸರಿಯಲ್ಲವೆಂಬುದಕ್ಕೆ ಕನ್ನಡದಲ್ಲೇ ಒಂದು ಉಜ್ವಲ ನಿದರ್ಶನವಿದೆ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಓದದ ಕನ್ನಡಿಗರು ವಿರಳ. ಅವುಗಳ ಕರ್ತೃವಾದ ಕೆ. ವಿ. ಅಯ್ಯರ್ ಅವರು (ನಿಧನ: 1980) ವೃತ್ತಿಯಿಂದ ವ್ಯಾಯಾಮಾಚಾರ್ಯರು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿ ಅಸಂಖ್ಯ ತರುಣರನ್ನು ತಿದ್ದಿದವರು. ಪಾಶ್ಚಾತ್ಯರ ಭಾರಸಾಧನೆಯನ್ನು ನಮ್ಮ ಸೂರ್ಯನಮಸ್ಕಾರ ಮತ್ತು ಹಠಯೋಗಗಳೊಡನೆ ಹೊಂದಿಸಿ ಒಂದು ಪದ್ಧತಿಯನ್ನು ರೂಪಿಸಿದರು. ಆ ಕುರಿತು ಇಂಗ್ಲಿಷಿನಲ್ಲಿ ಗ್ರಂಥಗಳನ್ನೂ ಬರೆದರು. ನಾಟಕಕಾರ ಕೈಲಾಸಂ ಅವರ ಆಪ್ತವಲಯಕ್ಕೆ ಸೇರಿದವರು. ಉಕ್ಕಿನಂತಹ ತೋಳಿನವರು ಹೊಯ್ಸಳ ರಾಣಿಯ ಮನಸ್ಸಿನ ನವುರಾದ ಎಳೆಗಳನ್ನು ಬಿಡಿಸಿಟ್ಟರು.

‘ರೂಪದರ್ಶಿ’ಯ ಕಥಾವಸ್ತು ನಮ್ಮ ವಿಷಯಕ್ಕೆ ಅತ್ಯಂತ ಹತ್ತಿರವಾಗಿದೆ. ಇಟಲಿಯ ಚಿತ್ರಕಾರನೊಬ್ಬನಿಗೆ ಬಾಲಯೇಸುವಿನ ರೂಪಕ್ಕೆ ಮಾದರಿಯಾಗಿ ಮುದ್ದುಮುಖದ ಬಾಲಕನೊಬ್ಬ ದೊರೆಯುತ್ತಾನೆ. ವರ್ಷಗಳು ಉರುಳಿದ ಮೇಲೆ, ಯೇಸುವಿಗೆ ದ್ರೋಹವೆಸಗಿದ ಜೂದಾಸನ ರೂಪಕ್ಕೆ ಮಾದರಿಯನ್ನು ಅರಸುತ್ತ ಹೋದಾಗ ಸಿಕ್ಕುವವನೂ ಅವನೇ. ಎಲುಬು ಅದೇ, ಚರ್ಮ ಅದೇ. ಒಳಗಿನ ಬಾಳು ಬದಲಾದಂತೆ ಹೊರಗಿನ ರೂಪವೂ ಬದಲಾಯಿತು. ದಿನವೂ ನೂರಾರು ದೇಹಗಳನ್ನು ಪರೀಕ್ಷಿಸಿ ನೋಡುತ್ತಿದ್ದ ವ್ಯಾಯಾಮಗುರುವಿನ ಲೇಖನಿಯಿಂದ ಈ ಕಥೆ ಮೂಡಿತೆಂಬುದು ಗಮನಾರ್ಹ. ಕನ್ನಡಿಯಲ್ಲಿ ಕಾಣುವ ರೂಪಕ್ಕೆ ಬೇರು ಕನ್ನಡಿಯಲ್ಲಿ ಕಾಣದ ಎಡೆಯಲ್ಲಿದೆಯೆಂಬುದನ್ನು ಅಂಗಸಾಧಕರು ಮರೆಯಲಾಗದು.

ಮನಸ್ಸಿನ ಸಾಮು

ಮನಸ್ಸಿಗೂ ಸಾಮು ಬೇಕು. ಅದನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಏಕಾಗ್ರತೆ. 2004ರ ಏಪ್ರಿಲ್‌ನಲ್ಲಿ ರಾವಲ್ಪಿಂಡಿಯ ಟೆಸ್ಟ್ ಪಂದ್ಯದಲ್ಲಿ ನಮ್ಮ ನಾಡಿನ ರಾಹುಲ್ ದ್ರಾವಿಡ್ ಅವರು 740 ನಿಮಿಷಗಳ ಕಾಲ ನಿಂತು, 495 ಚೆಂಡುಗಳನ್ನೆದುರಿಸಿ 270 ಓಟಗಳನ್ನು ಗಳಿಸಿದರು. ಹನ್ನೆರಡು ಗಂಟೆಗಳ ಕಾಲ ಬಿಡುವಿಲ್ಲದೆ ಮನಸ್ಸನ್ನು ಬಿಗಿಹಿಡಿಯುವುದು ಯಾರಿಂದಲೂ ಆಗದ ಕೆಲಸ. ಪ್ರತಿ ಚೆಂಡಿಗೂ ಮನಸ್ಸನ್ನು ಒಂದೆಡೆಗೆ ತರುವುದು, ಚೆಂಡು ಸತ್ತೊಡನೆ ಸಡಿಲಗೊಳಿಸುವುದು, ಮತ್ತೆ ಕೂಡಿಸುವುದು, ಹೀಗೆ ಮಾಡಿದರೆ ಮಾತ್ರ ಅಷ್ಟು ದೀರ್ಘ ಹೋರಾಟ ಸಾಧ್ಯ. ಭಾರ ಎತ್ತುವವರಿಗೂ ಇದೇ ಕ್ರಮ. ಎತ್ತುವ ಮೊದಲು ನಾಲ್ಕಾರು ಸಲ ನಿಧಾನವಾಗಿ ಉಸಿರಾಡಿ, ಹಿಡಿತ, ಬೆನ್ನು, ಪಾದ ಇವುಗಳ ಮೇಲೆ ಗಮನವಿಡಬೇಕು. ಉಸಿರನ್ನು ಒಳಗೆಳೆದುದಕ್ಕಿಂತ ಹೊರಬಿಡುವುದನ್ನು ದೀರ್ಘಗೊಳಿಸಿದರೆ ಎದೆಬಡಿತ ತಗ್ಗಿ ಚಿತ್ತ ನೆಲೆಗೊಳ್ಳುತ್ತದೆ. ಹರಟುತ್ತ, ಹಾಡು ಕೇಳುತ್ತ, ಪಕ್ಕದವನನ್ನು ನೋಡುತ್ತ ಎತ್ತುವ ಭಾರವೇ ಬಹುಮಟ್ಟಿಗೆ ಬೆನ್ನು ಉಳುಕಿಸುವ ಭಾರ.

ಎರಡನೆಯದು ಭಾವನೆ. ಮಾಡಬೇಕಾದ ಚಲನೆಯನ್ನು ಕಣ್ಣುಮುಚ್ಚಿ, ಆದಿಯಿಂದ ಅಂತ್ಯದವರೆಗೆ, ಮನಸ್ಸಿನಲ್ಲಿಯೇ ನಡೆಸಿನೋಡುವುದು. ಹೀಗೆ ಮಾಡುವಾಗ, ದೇಹವನ್ನು ಚಲಿಸುವ ಕಾರ್ಯದಲ್ಲಿ ತೊಡಗುವ ಮೆದುಳಿನ ಭಾಗಗಳೂ ಎಚ್ಚರಗೊಳ್ಳುತ್ತವೆಯೆಂದು ಆಧುನಿಕ ವಿಜ್ಞಾನ ತೋರಿಸಿದೆ. ಪಟುವು ತಾನು ಗೆದ್ದು ಹಾರ ಹಾಕಿಸಿಕೊಳ್ಳುವ ಚಿತ್ರವನ್ನು ಕಲ್ಪಿಸಿಕೊಂಡರೆ ಅದು ಹಗಲುಗನಸು. ಪಟ್ಟು ಹಾಕುವ ಚಿತ್ರವನ್ನು ಕಲ್ಪಿಸಿಕೊಂಡರೆ ಅದು ಅಭ್ಯಾಸ. ಈ ಭೇದವನ್ನು ವಿದ್ಯಾರ್ಥಿಗಳಿಗೆ ತಿಳಿಸಿಕೊಡಬೇಕು.

ಮೂರನೆಯದು ಆತ್ಮಾವಲೋಕನ. ಮಲಗುವ ಮುನ್ನ ಹತ್ತು ನಿಮಿಷ ಒಂದು ಟಿಪ್ಪಣಿಪುಸ್ತಕವನ್ನು ಹಿಡಿದು ಕುಳಿತು, ಇಂದು ಏನು ಮಾಡಿದೆ, ಏನು ಉಂಡೆ, ಎಷ್ಟು ನಿದ್ರಿಸಿದೆ, ಎಲ್ಲಿ ನೋಯುತ್ತಿದೆ, ಮನಸ್ಸು ಹೇಗಿದೆ ಎಂಬ ಐದು ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರ ಬರೆಯಬೇಕು. ತಿಂಗಳು ಕಳೆದ ಮೇಲೆ ಆ ಪುಟಗಳೇ ಗುರುವಾಗಿ ಪಾಠ ಹೇಳುತ್ತವೆ. ನಿನ್ನೆಯ ತನ್ನೊಡನೆ ಇಂದಿನ ತನ್ನನ್ನು ಹೋಲಿಸುವವರಿಗೆ ಮತ್ಸರಕ್ಕೆ ಎಡೆಯಿಲ್ಲ. ಇನ್ನೊಬ್ಬರ ತೋಳಿನೊಡನೆ ಹೋಲಿಸುವವರಿಗೆ ತೃಪ್ತಿಯಿಲ್ಲ.

ಮನಸ್ಸು ‘ಸಾಕು’ ಎಂದಾಗ ಅದನ್ನು ಕೇಳುವುದೂ ಈ ಅವಲೋಕನದ ಭಾಗ. ಅಮೆರಿಕೆಯ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನ ತಂಡ ಸ್ಪರ್ಧೆಯ ನಡುವೆಯೇ ಹಿಂದೆ ಸರಿದರು. ಗಾಳಿಯಲ್ಲಿ ತಿರುಗುವಾಗ ತನ್ನ ದೇಹ ಎಲ್ಲಿದೆಯೆಂಬ ಅರಿವು ತಪ್ಪುತ್ತಿತ್ತು. ಮುಂದುವರಿದಿದ್ದರೆ ಕತ್ತಿನ ಮೇಲೆ ಬೀಳುವ ಅಪಾಯವಿತ್ತು. ಆಗ ಹಲವರು ಆಕೆಯನ್ನು ಹೇಡಿಯೆಂದು ಜರೆದರು. ಆಕೆ ವಿಶ್ರಮಿಸಿ, ಮನಸ್ಸಿಗೆ ಚಿಕಿತ್ಸೆ ಪಡೆದು ಮರಳಿ ಬಂದರು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮೂರು ಚಿನ್ನ, ಒಂದು ಬೆಳ್ಳಿ ಅವರ ಪಾಲಾದವು. ಹಿಂದೆ ಸರಿಯುವುದೂ ಒಮ್ಮೊಮ್ಮೆ ಸಂಯಮದ ಹೆಸರು.

ಅನ್ನದ ಅಳತೆ

ಪೈಲ್ವಾನರು ತಮ್ಮ ವಿಶೇಷ ಆಹಾರವನ್ನು ‘ಖುರಾಕು’ ಎನ್ನುತ್ತಾರೆ. ಹಾಲು, ತುಪ್ಪ, ಅರೆದ ಬಾದಾಮಿ ಅದರಲ್ಲಿ ಮುಖ್ಯವಾದವು. ದಿನಕ್ಕೆ ನೂರಾರು ದಂಡ, ಬಸ್ಕಿ ಹೊಡೆಯುವವರಿಗೆ ಅದು ಸಲ್ಲುತ್ತದೆ. ಸಾಮನ್ನು ಬಿಟ್ಟು ಖುರಾಕನ್ನು ಬಿಡದವರಿಗೆ ಬೊಜ್ಜು, ಸಿಹಿಮೂತ್ರ ಮೊದಲಾದ ವ್ಯಾಧಿಗಳು ಗಂಟುಬೀಳುತ್ತವೆ. ದುಡಿಮೆಗೆ ತಕ್ಕ ಊಟ ಎಂಬುದೇ ಇಲ್ಲಿಯ ಸೂತ್ರ.

ಇಂದಿನ ತರುಣರ ಬಾಯಲ್ಲಿ ಸದಾ ನಲಿಯುವ ಮಾತು ಪ್ರೋಟೀನ್. ನಮ್ಮ ಪಠ್ಯಪುಸ್ತಕಗಳಲ್ಲಿ ಇದನ್ನು ಸಸಾರಜನಕವೆಂದು ಕರೆದಿದ್ದೇವೆ. ವಯಸ್ಕರಿಗೆ ದಿನವೊಂದಕ್ಕೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 0.83 ಗ್ರಾಂ ಸಸಾರಜನಕ ಸಾಕೆಂದು ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯು 2020ರಲ್ಲಿ ನಿಗದಿಪಡಿಸಿದೆ. ಕಠಿಣ ಅಭ್ಯಾಸ ಮಾಡುವ ಕ್ರೀಡಾಪಟುಗಳಿಗೆ 1.2ರಿಂದ 2 ಗ್ರಾಂವರೆಗೆ ಬೇಕಾಗಬಹುದೆಂದು ಕ್ರೀಡಾವೈದ್ಯರ ಅಭಿಪ್ರಾಯ. 60 ಕಿಲೋ ತೂಕದ ಪಟುವಿಗೆ ಪ್ರತಿ ಕಿಲೋಗ್ರಾಮಿಗೆ 1.4 ಗ್ರಾಮಿನಂತೆ ಲೆಕ್ಕಹಾಕಿದರೆ ದಿನಕ್ಕೆ 84 ಗ್ರಾಂ ಆಗುತ್ತದೆ. ಇದನ್ನು ನಮ್ಮ ಅಡುಗೆಮನೆಯಿಂದಲೇ ಪೂರೈಸಬಹುದೆ?

ನೋಡೋಣ. 300 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಿಂದ ಸುಮಾರು 30 ಗ್ರಾಂ. ಹೆಸರು, ಹುರುಳಿ, ತೊಗರಿ, ಕಡಲೆ ಇವುಗಳಲ್ಲಿ ಯಾವುದಾದರೂ ಸೇರಿ 100 ಗ್ರಾಂ ಕಾಳುಬೇಳೆಯಿಂದ ಸುಮಾರು 22 ಗ್ರಾಂ. ಒಂದು ಹಿಡಿ, ಎಂದರೆ 50 ಗ್ರಾಂ ಶೇಂಗಾದಿಂದ 12 ಗ್ರಾಂ. ಅರ್ಧ ಲೀಟರ್ ಹಾಲಿನಿಂದ 16 ಗ್ರಾಂ. ಒಂದು ಬಟ್ಟಲು, ಎಂದರೆ 200 ಗ್ರಾಂ ಮೊಸರಿನಿಂದ 6 ಗ್ರಾಂ. ಒಟ್ಟು 86 ಗ್ರಾಂ. ಪೇಟೆಯ ಒಂದು ಡಬ್ಬಿಯನ್ನೂ ತೆರೆಯದೆ ಲೆಕ್ಕ ತುಂಬಿತು! ರೊಟ್ಟಿಗೂ ಕಾಳುಪಲ್ಯಕ್ಕೂ ನಮ್ಮ ತಾಯಂದಿರು ಹಾಕಿದ ನಂಟು ರುಚಿಗಷ್ಟೇ ಅಲ್ಲ. ಧಾನ್ಯಗಳಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಕಾಳುಗಳಲ್ಲಿ ಅದು ಹೇರಳ. ಕಾಳುಗಳಲ್ಲಿ ಕಡಿಮೆಯಿರುವ ಮಿಥಿಯೋನಿನ್ ಅಂಶವನ್ನು ಧಾನ್ಯಗಳು ತುಂಬಿಕೊಡುತ್ತವೆ. ಒಂದರ ಕೊರತೆಯನ್ನು ಇನ್ನೊಂದು ನೀಗುತ್ತದೆ. ಮುದ್ದೆ ಉಣ್ಣುವ ಸೀಮೆಯವರಿಗೆ ರಾಗಿಯು ಸುಣ್ಣದಂಶದ ಗಣಿ. 100 ಗ್ರಾಮಿಗೆ 300 ಮಿಲಿಗ್ರಾಮಿಗೂ ಹೆಚ್ಚು. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣದಂಶವು ಮೈಗೆ ಹತ್ತಬೇಕಾದರೆ ಊಟದೊಡನೆ ನಿಂಬೆಹುಳಿಯಾಗಲಿ ನೆಲ್ಲಿಕಾಯಿಯಾಗಲಿ ಇರಬೇಕು. ಉಂಡ ಕೂಡಲೆ ಚಹ ಕುಡಿಯಲಾಗದು.

ಹಾಗೆಂದು ಸಸಾರಜನಕವೊಂದೇ ಆಹಾರವಲ್ಲ. ದುಡಿಮೆಗೆ ಉರಿಯುವ ಸೌದೆ ಅನ್ನ, ರೊಟ್ಟಿಗಳಲ್ಲಿರುವ ಪಿಷ್ಟ. ಅದನ್ನು ಪೂರ್ತಿ ಬಿಟ್ಟವರು ಬೇಗ ದಣಿಯುತ್ತಾರೆ, ಸಿಡಿಮಿಡಿಗೊಳ್ಳುತ್ತಾರೆ. ನೀರಿನ ವಿಷಯವೂ ಹಾಗೆಯೇ. ದೇಹತೂಕದ ನೂರಕ್ಕೆ ಎರಡು ಪಾಲಿನಷ್ಟು ನೀರು ಬೆವರಾಗಿ ಹೋದರೆ ಸಾಮರ್ಥ್ಯ ಕುಂದತೊಡಗುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ದುಡಿಮೆ ಹೆಚ್ಚಿ ಊಟ ಕಡಿಮೆಯಾದರೆ ಅವರ ಮಾಸಿಕ ಋತುಚಕ್ರ ನಿಲ್ಲಬಹುದು, ಎಲುಬು ಸವೆಯಬಹುದು. ಇದನ್ನು ನಾಚಿಕೆಯ ವಿಷಯವೆಂದು ಮುಚ್ಚಿಡದೆ ಶಿಕ್ಷಕಿಯರಿಗೆ, ವೈದ್ಯರಿಗೆ ತಿಳಿಸುವ ವಾತಾವರಣ ಶಾಲೆಯಲ್ಲಿರಬೇಕು.

ಅಳತೆ ತಪ್ಪಿದಾಗ

ಅಳತೆ ತಪ್ಪಿದರೆ ಏನಾಗುತ್ತದೆಂಬುದಕ್ಕೆ ದಾರುಣವಾದ ನಿದರ್ಶನಗಳಿವೆ. 1997ರ ಕೊನೆಯ ಎರಡು ತಿಂಗಳಲ್ಲಿ ಅಮೆರಿಕೆಯ ಮೂರು ಕಾಲೇಜುಗಳಲ್ಲಿ ಮೂವರು ಕುಸ್ತಿಪಟುಗಳು ಅಸುನೀಗಿದರು. ಕಡಿಮೆ ತೂಕದ ವರ್ಗದಲ್ಲಿ ಸೆಣಸುವ ಸಲುವಾಗಿ ಅನ್ನ ನೀರು ತೊರೆದು, ಬೆವರಿಳಿಸುವ ಉಡುಪು ಧರಿಸಿ, ಬಿಸಿಯ ಕೋಣೆಯಲ್ಲಿ ವ್ಯಾಯಾಮ ಮಾಡಿದುದೇ ಅವರಿಗೆ ಮುಳುವಾಯಿತು. ಆಮೇಲೆ ಅಲ್ಲಿಯ ಕ್ರೀಡಾಮಂಡಳಿಯು ಅಂತಹ ವಿಧಾನಗಳನ್ನು ನಿಷೇಧಿಸಿತು. ಮೂರು ಎಳೆಯ ಜೀವಗಳು ಹೋದ ಮೇಲೆ ಬಂದ ನಿಯಮವದು.

2024ರ ಆಗಸ್ಟ್‌ನಲ್ಲಿ ಪ್ಯಾರಿಸ್ಸಿನಲ್ಲಿ ನಡೆದುದು ನಮ್ಮೆಲ್ಲರ ನೆನಪಿನಲ್ಲಿ ಹಸಿಯಾಗಿದೆ. ಒಂದೇ ದಿನ ಮೂರು ಪಂದ್ಯಗಳನ್ನು ಗೆದ್ದು ಒಲಿಂಪಿಕ್ಸಿನ 50 ಕಿಲೋ ವರ್ಗದ ಅಂತಿಮ ಸುತ್ತಿಗೆ ತಲಪಿದ ವಿನೇಶ್ ಫೋಗಟ್ ಅವರು ಮರುದಿನ ಬೆಳಗ್ಗೆ 100 ಗ್ರಾಂ ಹೆಚ್ಚು ತೂಗಿದರೆಂಬ ಕಾರಣಕ್ಕೆ ಅನರ್ಹರಾದರು. ಮೊದಲು 53 ಕಿಲೋ ವರ್ಗದಲ್ಲಿ ಸೆಣಸುತ್ತಿದ್ದ ಅವರು ರಾತ್ರಿಯೆಲ್ಲ ತೂಕ ಇಳಿಸಲು ಪಟ್ಟ ಪಾಡನ್ನು ಓದಿದವರ ಕಣ್ಣು ತುಂಬಿತು. ಆ ವೀರಮಹಿಳೆಯಲ್ಲಿ ತಪ್ಪು ಹುಡುಕುವುದು ನಮ್ಮ ಕೆಲಸವಲ್ಲ. ನುರಿತ ತಜ್ಞರ ಬೆಂಬಲವಿದ್ದವರಿಗೂ ತೂಕ ಇಳಿಸುವುದು ಇಷ್ಟು ಕಠಿಣವಾದರೆ, ಯಾರ ಆಸರೆಯೂ ಇಲ್ಲದೆ, ಕೇಳಿದ್ದನ್ನೆಲ್ಲ ಮಾಡಿನೋಡುವ ಹಳ್ಳಿಯ ಹುಡುಗನ ಗತಿಯೇನು ಎಂಬುದು ಶಿಕ್ಷಕರಾದ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ.

ಇನ್ನೊಂದು ಅಪಾಯ ಮದ್ದುಗಳದು. ಅನಬಾಲಿಕ್ ಸ್ಟೆರಾಯ್ಡ್ ಎಂಬ ಔಷಧಗಳು ಕೆಲವೇ ತಿಂಗಳಲ್ಲಿ ತೋಳು ಉಬ್ಬಿಸುತ್ತವೆ. ಆದರೆ ಅವು ದೇಹವು ತಾನೇ ಉತ್ಪಾದಿಸುವ ಪುರುಷತ್ವದ ರಸವನ್ನು ಬತ್ತಿಸುತ್ತವೆ. ಹೃದಯಕ್ಕೂ ಯಕೃತ್ತಿಗೂ ಕೇಡು ತರುತ್ತವೆ. ಕೋಪ, ಖಿನ್ನತೆಗಳನ್ನು ಹೆಚ್ಚಿಸುತ್ತವೆ. ಬೆಳೆಯುವ ವಯಸ್ಸಿನ ಹುಡುಗರಲ್ಲಿ ಎಲುಬಿನ ಬೆಳವಣಿಗೆಯ ತುದಿಗಳು ಅಕಾಲದಲ್ಲಿ ಮುಚ್ಚಿ ಎತ್ತರವೇ ನಿಂತುಹೋಗಬಹುದು. ಪ್ರೋಟೀನ್ ಪುಡಿಗಳನ್ನು ಸ್ಟೆರಾಯ್ಡಿಗೆ ಸಮನೆನ್ನುವುದು ತಪ್ಪು. ಆದರೆ ಹೊರಗೆ ಬರೆದುದಕ್ಕೂ ಒಳಗಿರುವುದಕ್ಕೂ ಹೊಂದಿಕೆಯಿಲ್ಲದ ಪುಡಿಗಳು ಪೇಟೆಯಲ್ಲಿ ಕಂಡುಬಂದಿವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರ ತನ್ನ ಆಹಾರ ಮಾರ್ಗದರ್ಶಿಯಲ್ಲಿ, ಮೈ ಬೆಳೆಸಲೆಂದು ಇಂತಹ ಪುಡಿಗಳ ಮೊರೆಹೋಗಬಾರದೆಂದು ಸೂಚಿಸಿದೆ. ಮನಸ್ಸಿನ ಸಾಮು ಮಾಡದವರೇ ಈ ಅಡ್ಡದಾರಿಗೆ ಬೇಗ ಬಲಿಬೀಳುವವರು. ಕಾಯುವ ತಾಳ್ಮೆಯಿಲ್ಲದವರಿಗೆ ವರ್ಷಗಳ ಫಲ ತಿಂಗಳಲ್ಲಿ ಬೇಕು. ಅವರ ಆತುರವೇ ಮದ್ದು ಮಾರುವವರ ಬಂಡವಾಳ.

ಒಂದು ಅರಿಕೆ

ಶರಣರು ಕಾಯಕವನ್ನೂ ದಾಸೋಹವನ್ನೂ ಜೊತೆಜೊತೆಯಾಗಿ ಬೋಧಿಸಿದರು. ತಾನು ದುಡಿದುದು ತನಗೊಬ್ಬನಿಗೇ ಅಲ್ಲವೆಂಬುದು ಅದರ ತಿರುಳು. ಬೆಳೆಸಿದ ಬಲಕ್ಕೂ ಈ ಮಾತು ಸಲ್ಲುತ್ತದೆ. ಊರ ಕೆರೆಯ ಹೂಳೆತ್ತುವಾಗ, ಪ್ರವಾಹದಲ್ಲಿ ಸಿಲುಕಿದವರನ್ನು ದಡ ಸೇರಿಸುವಾಗ, ಮುದುಕರ ಮೂಟೆಯನ್ನು ಹೊರುವಾಗ ಆ ತೋಳುಗಳ ಸಾರ್ಥಕತೆ ಗೊತ್ತಾಗುತ್ತದೆ. ಬಲವು ಯಾರಿಗಾಗಿ ಎಂಬ ಪ್ರಶ್ನೆಗೆ ಉತ್ತರ ಕಂಡುಕೊಂಡ ಸಾಧಕರನ್ನು ಸೋಲು ಮುರಿಯಲಾರದು, ಗೆಲವು ಕೆಡಿಸಲಾರದು.

ಆದುದರಿಂದ ಅಧ್ಯಾಪಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ: ಆಟದ ಮೈದಾನದಲ್ಲಿರುವ ಹುಡುಗನ ಓಟದ ವೇಗವನ್ನು ಕೇಳುವ ಮುನ್ನ ಅವನು ಬೆಳಗ್ಗೆ ಏನು ಉಂಡನೆಂದು ಕೇಳಿ, ರಾತ್ರಿ ಎಷ್ಟು ಮಲಗಿದನೆಂದು ಕೇಳಿ. ಹಳೆಯ ವಿದ್ಯಾರ್ಥಿಗಳಲ್ಲಿ ಕ್ರೀಡೆಯಲ್ಲಿ ಹೆಸರು ಮಾಡಿದವರು ವರ್ಷಕ್ಕೊಮ್ಮೆಯಾದರೂ ಬಂದು ತಮ್ಮ ಪದಕಗಳ ಜೊತೆಗೆ ತಮ್ಮ ಗಾಯಗಳ ಕಥೆಯನ್ನೂ ಮಕ್ಕಳಿಗೆ ಹೇಳಲಿ. ಉದಾರ ದಾನಿಗಳು ವ್ಯಾಯಾಮದ ಸಲಕರಣೆಗಳನ್ನು ಕೊಡಲು ಮುಂದಾಗುವುದು ಸ್ತುತ್ಯವೇ ಸರಿ. ಅದರೊಡನೆ ಪ್ರಸಾದ ನಿಲಯದ ಮಕ್ಕಳ ತಟ್ಟೆಗೆ ದಿನವೂ ಒಂದು ಲೋಟ ಹಾಲು, ಒಂದು ಹಿಡಿ ಶೇಂಗಾ, ಒಂದು ಸೌಟು ಕಾಳುಪಲ್ಯ ಬೀಳುವಂತೆಯೂ, ನುರಿತ ವ್ಯಾಯಾಮ ಶಿಕ್ಷಕರೊಬ್ಬರು ಅವರ ಬಳಿ ಇರುವಂತೆಯೂ ಏರ್ಪಡಿಸಿದರೆ ಆ ದಾನ ಪೂರ್ಣವಾಗುತ್ತದೆ. ಕಬ್ಬಿಣದ ಬಿಲ್ಲೆಗಳು ತುಕ್ಕು ಹಿಡಿಯಬಹುದು. ಒಳ್ಳೆಯ ಗುರುವಿನ ಕೈಯಲ್ಲಿ, ಹೊಟ್ಟೆತುಂಬ ಉಂಡು ಬೆಳೆದ ಮಗು ನಾಡಿಗೆ ಎಂದಿಗೂ ಆಸ್ತಿ.

ವ್ಯಾಯಾಮದಿಂದ ಬಲ, ಸಂಯಮದಿಂದ ಸ್ಥೈರ್ಯ, ಪ್ರಸಾದದಿಂದ ತಿಳಿಮನ, ಈ ಮೂರೂ ನಮ್ಮ ವಿದ್ಯಾಸಂಸ್ಥೆಯ ಮಕ್ಕಳಿಗೆ ಒಟ್ಟಾಗಿ ಲಭಿಸಲೆಂದು ಹಾರೈಸುತ್ತೇನೆ.